ಬೈಕಿನ ನಾಡಿಮಿಡಿತ

ಆಟಿ ತಿಂಗಳ ಜಡಿಮಳೆಯ ಬೆಳಗಿನಲ್ಲಿ ಉಡುಪಿಯ ಯಾವುದಾದರೊಂದು ಓಣಿಯಲ್ಲಿ ನಿಂತರೆ, ಹಂಚಿನ ಮಾಡಿನಿಂದ ಸುರಿಯುವ ನೀರಿನ ಸದ್ದಿನ ನಡುವೆ ಇನ್ನೊಂದು ಸದ್ದು ಇಂದಿಗೂ ಒಮ್ಮೊಮ್ಮೆ ಕೇಳಿಬರುತ್ತದೆ. ಅದು ಹಳೆಯ ಬೈಕೊಂದರ ಕಿಕ್ಕರನ್ನು ಯಾರೋ ಮತ್ತೆ ಮತ್ತೆ ತುಳಿಯುವ ಸದ್ದು. ಹತ್ತು ಸಲ, ಇಪ್ಪತ್ತು ಸಲ ತುಳಿದರೂ ಎಂಜಿನ್ ಉಸಿರೆತ್ತುವುದಿಲ್ಲ. ಊಟದ ಡಬ್ಬಿ ಕಟ್ಟಿಟ್ಟು ಕಾಯುವ ಗೃಹಿಣಿ, ಶಾಲೆಯ ಚೀಲ ಬೆನ್ನಿಗೇರಿಸಿ ನಿಂತ ಮಗು, ಮಣಿಪಾಲದಲ್ಲಿ ಪಾಳಿ ಬದಲಾಯಿಸಲು ಕಾದಿರುವ ಸಹೋದ್ಯೋಗಿ, ಇವರೆಲ್ಲರ ಅಂದಿನ ದಿನಚರಿಯೂ ಆ ಒಂದು ಸಣ್ಣ ಯಂತ್ರವನ್ನೇ ಅವಲಂಬಿಸಿರುತ್ತದೆ.

ಟೂ-ಸ್ಟ್ರೋಕ್ ವಾಹನಗಳಿಗೂ ನಮ್ಮ ನಾಡಿಗೂ ಇರುವ ನಂಟು ಹಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ಜಾವಾ, ಮುಂದೆ ಯೆಜ್ಡಿ ಬೈಕುಗಳು ತಯಾರಾದವು. ಆ ಕಾರ್ಖಾನೆ ೧೯೯೬ರಲ್ಲಿ ಬಾಗಿಲು ಮುಚ್ಚಿತು. ನಮ್ಮ ಗಡಿಗೆ ಹೊಂದಿಕೊಂಡಿರುವ ಹೊಸೂರಿನಿಂದ ೧೯೮೦ರಲ್ಲಿ ಟಿ.ವಿ.ಎಸ್. ೫೦ ಹೊರಬಂದು ಸಣ್ಣ ಸಂಬಳದವರ ಮನೆಯಂಗಳಕ್ಕೂ ವಾಹನವನ್ನು ತಂದಿತು. ೧೯೮೫ರಲ್ಲಿ ಬಂದ ಯಮಹಾ ಆರ್.ಎಕ್ಸ್. ೧೦೦ ತರುಣರ ಕನಸಿನ ಬೈಕಾಯಿತು. ೨೦೦೦ದ ನಂತರ ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಈ ಬಗೆಯ ಎಂಜಿನ್‌ಗಳು ಮಾರುಕಟ್ಟೆಯಿಂದ ಹಿಂದೆ ಸರಿದವು. ಆದರೂ ತಂದೆಯ ಕಾಲದ ವಾಹನವನ್ನು ಮಾರಲು ಮನಸ್ಸೊಪ್ಪದೆ, ತೋಟಕ್ಕೋ ಪೇಟೆಗೋ ಅದನ್ನೇ ಓಡಿಸುತ್ತಿರುವ ಕುಟುಂಬಗಳು ಕಾಪುವಿನಿಂದ ಕಾರ್ಕಳದವರೆಗೆ ಇನ್ನೂ ಇವೆ. ಈ ಲೇಖನವು ಅಂಥವರಿಗಾಗಿ.

ಸ್ಕ್ರೂ ತಿರುಗಿಸಿದ ಕಥೆ

ಮೊದಲಿಗೆ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುವುದು ಉಚಿತ. ಹಲವು ವರ್ಷಗಳ ಹಿಂದೆ ನನ್ನ ಬಳಿಯಿದ್ದ ನೂರು ಸಿ.ಸಿ.ಯ ಟೂ-ಸ್ಟ್ರೋಕ್ ಬೈಕು ಮಳೆಗಾಲ ಮುಗಿಯುತ್ತಿದ್ದಂತೆ ವಿಚಿತ್ರವಾಗಿ ವರ್ತಿಸತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುವುದು. ಒಮ್ಮೆ ಸ್ಟಾರ್ಟ್ ಆಗಿ ಬಿಸಿಯಾದರೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೆಳಗಿಳಿಯದೆ ತಾನಾಗಿಯೇ ರೇಸ್ ಆಗುವುದು. ಸಮೀಪದ ಒಂದು ಗ್ಯಾರೇಜಿನಲ್ಲಿ ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಇಳಿಸಿಕೊಟ್ಟರು. ವಾರದೊಳಗೆ ಮತ್ತೆ ಅದೇ ಕಥೆ. ಮೂರು ಬಾರಿ ಹೀಗಾಯಿತು. ಸದ್ದು ಅಡಗಿತಲ್ಲ ಎಂದು ನಾನೂ ಸಮಾಧಾನಪಟ್ಟುಕೊಂಡೆ.

ಒಂದು ಭಾನುವಾರ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಪರ್ಕಳ, ಹಿರಿಯಡಕ ಮಾರ್ಗವಾಗಿ ಕಾರ್ಕಳಕ್ಕೆ ಹೊರಟಿದ್ದೆ. ಬೈಲೂರು ಇನ್ನೂ ಮುಂದಿರುವಾಗಲೇ ಎಂಜಿನ್ ಒಮ್ಮೆ ಕೀರಲು ದನಿ ಮಾಡಿ ಹಠಾತ್ತನೆ ಜಾಮ್ ಆಯಿತು. ಹಿಂದಿನ ಚಕ್ರ ತಿರುಗದೆ ಒದ್ದೆ ರಸ್ತೆಯ ಮೇಲೆ ಎಳೆದುಕೊಂಡು ಹೋಯಿತು. ಕೈ ತಾನಾಗಿ ಕ್ಲಚ್ ಹಿಡಿದುದರಿಂದ ಚಕ್ರ ಬಿಡುಗಡೆಗೊಂಡು ನಾವಿಬ್ಬರೂ ಬೀಳದೆ ಉಳಿದೆವು. ಹಿಂದೆ ಬಸ್ಸೊಂದು ಬರುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಬೈಕನ್ನು ಟೆಂಪೋದಲ್ಲಿ ಹೇರಿಸಿಕೊಂಡು ಕಾರ್ಕಳದ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಮುಂದಿಟ್ಟೆ. ನಡೆದುದನ್ನೆಲ್ಲ ಕೇಳಿದ ಅವರು ಕಾರ್ಬೊರೇಟರನ್ನು ಮುಟ್ಟಲೇ ಇಲ್ಲ. ಮ್ಯಾಗ್ನೆಟೋದ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ಎಣ್ಣೆಯ ಪಸೆಯನ್ನು ತೋರಿಸಿದರು. "ಇದರ ಸೀಲ್ ಒಣಗಿ ಕಲ್ಲಾಗಿದೆ ಮಾರಾಯ್ರೆ. ಅಲ್ಲಿಂದ ಗಾಳಿ ಒಳಗೆ ಹೋಗ್ತಾ ಉಂಟು. ನೀವು ಸ್ಕ್ರೂ ತಿರುಗಿಸಿದ್ರೆ ಸದ್ದು ಕಡಿಮೆ ಆದೀತು, ಗಾಳಿ ನಿಲ್ಲುದುಂಟಾ?" ಎಂದರು. ಸಣ್ಣದೊಂದು ರಬ್ಬರ್ ಸೀಲಿನಿಂದ ಮುಗಿಯಬೇಕಿದ್ದ ಕೆಲಸ ಪಿಸ್ಟನ್, ರಿಂಗ್, ಬೋರ್ ಎಂದು ಬೆಳೆದು ನನ್ನ ಅರ್ಧ ತಿಂಗಳ ಸಂಬಳವನ್ನು ನುಂಗಿತು.

ಅಂದು ನಾನು ಕಲಿತ ಪಾಠ ಇಷ್ಟೆ: ಐಡ್ಲಿಂಗ್ ಎಂಬುದು ಎಂಜಿನ್ನಿನ ನಾಡಿಮಿಡಿತ. ನಾಡಿ ಏರುಪೇರಾದರೆ ವೈದ್ಯರು ಕಾರಣವನ್ನು ಹುಡುಕುತ್ತಾರೆಯೇ ಹೊರತು ನಾಡಿಯನ್ನು ಅದುಮಿ ಹಿಡಿಯುವುದಿಲ್ಲ. ಸ್ಕ್ರೂ ಕಟ್ಟಕಡೆಯ ಕೆಲಸ. ಪರೀಕ್ಷೆ ಮೊದಲ ಕೆಲಸ.

ಈ ಎಂಜಿನ್ ಉಸಿರಾಡುವ ಬಗೆ

ಪರೀಕ್ಷೆಗೆ ಮುನ್ನ ಯಂತ್ರದ ಸ್ವಭಾವವನ್ನು ತುಸು ಅರಿಯಬೇಕು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್, ಗಾಳಿ ಮತ್ತು ಟೂ-ಟಿ ಆಯಿಲ್‌ಗಳ ಮಿಶ್ರಣವು ಕಾರ್ಬೊರೇಟರಿನಿಂದ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅಲ್ಲಿ ಒತ್ತಲ್ಪಟ್ಟು ಸಿಲಿಂಡರಿನೊಳಗೆ ಏರುತ್ತದೆ. ಅಲ್ಲಿ ಪ್ಲಗ್ಗಿನ ಕಿಡಿಯಿಂದ ಉರಿದು ಹೊಗೆಯಾಗಿ ಸೈಲೆನ್ಸರಿನತ್ತ ಹೋಗುತ್ತದೆ. ಕ್ರ್ಯಾಂಕ್ ಒಮ್ಮೆ ಸುತ್ತಿದರೆ ಒಂದು ಸ್ಫೋಟ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಕ್ರ್ಯಾಂಕ್ ಕೋಣೆಯು ಗಾಳಿಯಾಡದಂತೆ ಭದ್ರವಾಗಿರಬೇಕೆಂಬುದು ಮೊದಲನೆಯದು. ಪಿಸ್ಟನ್ನಿಗೆ ದೊರೆಯುವ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬರಬೇಕು, ಬೇರೆ ದಾರಿಯಿಲ್ಲ ಎಂಬುದು ಎರಡನೆಯದು. ಎಲ್ಲಿಂದಲಾದರೂ ಕಳ್ಳಗಾಳಿ ನುಸುಳಿದರೆ ಮಿಶ್ರಣವು ತೆಳುವಾಗಿ, ಎಂಜಿನ್ ಮಿತಿಮೀರಿ ಕಾದು, ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ನನ್ನ ಬೈಕಿಗೆ ಆದದ್ದು ಇದೇ.

ಸ್ಟಾರ್ಟ್ ಆಗದಿದ್ದರೆ

ಎಂಜಿನ್ ಸ್ಟಾರ್ಟ್ ಆಗಲು ಬೇಕಾದುದು ಮೂರೇ: ಇಂಧನ, ಕಿಡಿ, ಒತ್ತಡ. ಇವನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ಹೆಚ್ಚಿನ ತೊಂದರೆಗಳು ಮನೆಯಂಗಳದಲ್ಲೇ ಪತ್ತೆಯಾಗುತ್ತವೆ. ಆದರೆ ಕೆಲಸವನ್ನು ಬಯಲಿನಲ್ಲಿ ಮಾಡತಕ್ಕದ್ದು. ಅಡುಗೆಮನೆಯ ಬಳಿ, ದೇವರ ದೀಪದ ಬಳಿ, ಬೀಡಿ ಸೇದುವವರ ಬಳಿ ಖಂಡಿತ ಕೂಡದು.

ಮೊದಲು ಇಂಧನ. ಪೆಟ್ರೋಲ್ ಕಾಕ್ ತೆರೆದಿದೆಯೇ, ರಿಸರ್ವ್‌ಗೆ ತಿರುಗಿಸಬೇಕಾಗಿದೆಯೇ ಎಂದು ನೋಡಿರಿ. ಬೈಕು ಸ್ವಲ್ಪ ದೂರ ಓಡಿ ನಿಂತು, ಟ್ಯಾಂಕಿನ ಮುಚ್ಚಳ ತೆರೆದು ಮುಚ್ಚಿದ ಮೇಲೆ ಮತ್ತೆ ಸರಿಹೋಗುತ್ತಿದ್ದರೆ, ಮುಚ್ಚಳದ ಗಾಳಿರಂಧ್ರ ಕಟ್ಟಿದೆಯೆಂದು ತಿಳಿಯಬೇಕು. ಪ್ಲಗ್ ಬಿಚ್ಚಿದರೆ ಇನ್ನಷ್ಟು ತಿಳಿಯುತ್ತದೆ. ಹತ್ತಾರು ಬಾರಿ ತುಳಿದರೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾಕಿನ ಜಾಲರಿ, ಪೈಪು, ಕಾರ್ಬೊರೇಟರಿನ ಫ್ಲೋಟ್ ಬಟ್ಟಲು ಇವುಗಳಲ್ಲಿ ಎಲ್ಲಿ ಕಸ ನಿಂತಿದೆಯೆಂದು ಹುಡುಕಬೇಕು. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದಿದ್ದರೆ ಓವರ್‌ಫ್ಲೋ ಆಗಿದೆ. ಆಗ ಕಾಕ್ ಮುಚ್ಚಿ, ಚೋಕ್ ತೆಗೆದು, ಇಗ್ನಿಷನ್ ಆರಿಸಿ, ಪ್ಲಗ್ ಬಿಚ್ಚಿದ ಸ್ಥಿತಿಯಲ್ಲೇ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಐದಾರು ಬಾರಿ ತುಳಿಯಿರಿ. ಒಳಗಿನ ಪೆಟ್ರೋಲ್ ಹೊರಬೀಳುತ್ತದೆ. ಹತ್ತು ನಿಮಿಷ ಆರಲು ಬಿಟ್ಟು, ಒರೆಸಿದ ಪ್ಲಗ್ ಹಾಕಿ ಮತ್ತೆ ಪ್ರಯತ್ನಿಸಿರಿ. ಒದ್ದೆಯಾದ ಪ್ಲಗ್ಗನ್ನು ಗ್ಯಾಸ್ ಒಲೆಯಲ್ಲಿ ಕಾಯಿಸುವ ಅಭ್ಯಾಸ ಕೆಲವರಿಗಿದೆ. ಅದು ಮನೆಗೂ ಪ್ಲಗ್ಗಿಗೂ ಕೇಡು. ಒಣ ಬಟ್ಟೆ ಮತ್ತು ತಂತಿಯ ಬ್ರಶ್ ಸಾಕು.

ಎರಡನೆಯದು ಕಿಡಿ. ಪ್ಲಗ್ಗಿನ ಬಣ್ಣವೇ ಎಂಜಿನ್ನಿನ ಆರೋಗ್ಯಪತ್ರ. ತಿಳಿ ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಎಣ್ಣೆಮಸಿ ಕಪ್ಪಾದರೆ ಪೆಟ್ರೋಲೋ ಆಯಿಲೋ ಹೆಚ್ಚಾಗಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಬಿಳುಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ. ಇದನ್ನು ಅಪಾಯದ ಸೂಚನೆಯೆಂದೇ ಭಾವಿಸಬೇಕು. ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ಲಗ್ಗಿನ ಎರಡು ತುದಿಗಳ ನಡುವೆ ಇಂಗಾಲದ ಸಣ್ಣ ಎಳೆಯೊಂದು ಸೇತುವೆಯಂತೆ ಬೆಳೆದು ಕಿಡಿಯನ್ನು ತಡೆಯುವುದೂ ಉಂಟು. ಅದನ್ನು ಕೆರೆದು, ಅಂತರವನ್ನು ಸಾಮಾನ್ಯವಾಗಿ ೦.೬ರಿಂದ ೦.೭ ಮಿ.ಮೀ.ಗೆ ಇಟ್ಟರೆ ಬೈಕು ಮರುಕ್ಷಣವೇ ಸ್ಟಾರ್ಟ್ ಆದೀತು.

ಕಿಡಿಯನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಎಂಜಿನ್ನಿನ ಮೈಗೆ ತಾಗಿಸಿಟ್ಟು ತುಳಿಯಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಕಿಡಿಯನ್ನು ಅದರಿಂದ ಆದಷ್ಟು ದೂರ ಹಿಡಿಯಬೇಕು. ಕ್ಯಾಪನ್ನು ಬರಿಗೈಯಿಂದ ಮುಟ್ಟಬಾರದು. ನೀಲಿಛಾಯೆಯ ಗಟ್ಟಿ ಕಿಡಿ ಬಂದರೆ ಸರಿ. ಬಾರದಿದ್ದರೆ ಹೊಸ ಪ್ಲಗ್ಗೊಂದನ್ನು ಹಾಕಿ ನೋಡಿರಿ. ಆಗಲೂ ಬಾರದಿದ್ದರೆ ಕ್ಯಾಪು, ವಯರು, ಸ್ವಿಚ್ಚುಗಳಲ್ಲಿ ನೀರು ಸೇರಿದೆಯೇ ಎಂದು ಪರೀಕ್ಷಿಸಬೇಕು. ಹಳೆಯ ಮಾದರಿಗಳಲ್ಲಿ ಮ್ಯಾಗ್ನೆಟೋದೊಳಗಿನ ಪಾಯಿಂಟ್ ಸವೆದಿರಬಹುದು ಅಥವಾ ಅದಕ್ಕೆ ಎಣ್ಣೆ ತಗುಲಿರಬಹುದು. ಸಿ.ಡಿ.ಐ. ಇರುವ ಬೈಕುಗಳಲ್ಲಿ ಆ ತೊಂದರೆಯಿಲ್ಲವಾದರೂ ಅರ್ತ್ ವಯರಿನ ತುದಿ ತುಕ್ಕು ಹಿಡಿದರೆ ಕಿಡಿ ಸೊರಗುತ್ತದೆ. ಕಾಪುವಿನ ಕಡಲತೀರದ ಮನೆಗಳಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿ ನಿಲ್ಲುವ ಬೈಕುಗಳಲ್ಲಿ ಈ ಜಾಗವನ್ನೇ ಮೊದಲು ನೋಡುವುದು ಜಾಣತನ.

ಮೂರನೆಯದು ಒತ್ತಡ. ಕಿಕ್ಕರ್ ತುಳಿಯುವಾಗ ಕಾಲಿಗೆ ಸಿಗಬೇಕಾದ ತಡೆ ಸಿಗದೆ ಸುಲಭವಾಗಿ ಕೆಳಗಿಳಿದರೆ ರಿಂಗ್ ಸವೆದಿದೆ, ಇಲ್ಲವೇ ಹೆಡ್ಡಿನ ಗ್ಯಾಸ್ಕೆಟ್ ಸೋರುತ್ತಿದೆ. ಇದು ಮೆಕ್ಯಾನಿಕ್ಕರ ಕೆಲಸ. ಇಂಧನ, ಕಿಡಿ, ಒತ್ತಡ ಮೂರೂ ಸರಿಯಿದ್ದು ಎಂಜಿನ್ ಮಂಕಾಗಿದ್ದರೆ ಸೈಲೆನ್ಸರನ್ನು ಸಂಶಯಿಸಿರಿ. ಉರಿಯದೆ ಉಳಿದ ಎಣ್ಣೆ ಅಲ್ಲಿ ಮಸಿಯಾಗಿ ಕಟ್ಟಿಕೊಂಡು ಹೊಗೆಗೆ ದಾರಿಯಿಲ್ಲದಂತೆ ಮಾಡುತ್ತದೆ. ಹಳೆಯ ಉಸಿರು ಹೊರಹೋಗದೆ ಹೊಸ ಉಸಿರು ಒಳಬರುವುದೆಂತು?

ಐಡ್ಲಿಂಗ್ ನಿಲ್ಲದಿದ್ದರೆ

ಸ್ಟಾರ್ಟ್ ಆದ ಬೈಕು ಆಕ್ಸಿಲರೇಟರ್ ಬಿಟ್ಟೊಡನೆ ಆರಿಹೋಗುವುದು ಒಂದು ಬಗೆ. ಇದಕ್ಕೆ ಸಾಮಾನ್ಯ ಕಾರಣ ಕಾರ್ಬೊರೇಟರಿನ ಪೈಲಟ್ ಜೆಟ್ ಕಟ್ಟಿರುವುದು. ಐಡ್ಲಿಂಗ್ ವೇಳೆಗೆ ಪೆಟ್ರೋಲ್ ಒದಗಿಸುವ ಈ ಜೆಟ್ಟಿನ ರಂಧ್ರ ಕೂದಲೆಳೆಯಷ್ಟು ಕಿರಿದು. ಬೈಕು ಒಂದೆರಡು ತಿಂಗಳು ನಿಂತರೆ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಅದನ್ನು ಮುಚ್ಚಿಬಿಡುತ್ತದೆ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದೊಡನೆ ನಿಲ್ಲುವ ಬೈಕಿನಲ್ಲಿ ಇದೇ ದೋಷವಿರುವ ಸಂಭವ ಹೆಚ್ಚು. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು ಗಾಳಿ ಊದಿ ತೆರವು ಮಾಡಬೇಕು. ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಶಾಶ್ವತವಾಗಿ ಕೆಡುತ್ತದೆ.

ಐಡ್ಲಿಂಗ್ ಏರಿಯೇ ನಿಲ್ಲುವುದು ಇನ್ನೊಂದು ಬಗೆ, ಹೆಚ್ಚು ಅಪಾಯದ್ದು. ಮೊದಲು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿರಿ. ಎಂಜಿನ್ ಸದ್ದು ಬದಲಾದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ. ಸ್ವಲ್ಪ ಸಡಿಲಿಸಿದರೆ ಸಾಕು. ಬದಲಾಗದಿದ್ದರೆ ಕಳ್ಳಗಾಳಿಯನ್ನು ಹುಡುಕಬೇಕು. ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಮತ್ತು ಸಿಲಿಂಡರ್ ಕೂಡುವ ಜಾಗಕ್ಕೆ ಗ್ರೀಸ್ ಸವರಿರಿ. ಸವರಿದೊಡನೆ ಸದ್ದು ಇಳಿದರೆ ಆ ಜೋಡಣೆಯಲ್ಲೇ ಬಿರುಕಿದೆ. ಅಲ್ಲಿ ಏನೂ ಇಲ್ಲದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲುಗಳತ್ತ ನೋಡಬೇಕು. ಮ್ಯಾಗ್ನೆಟೋ ಕಡೆಯ ಸೀಲ್ ಹೋದರೆ ಗಾಳಿ ನುಸುಳಿ ಎಂಜಿನ್ ರೇಸ್ ಆಗುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸಿನ ಎಣ್ಣೆ ಒಳಗೆ ಹೀರಲ್ಪಟ್ಟು ದಟ್ಟ ಹೊಗೆ ಏಳುತ್ತದೆ, ಗೇರ್ ಆಯಿಲ್ ದಿನದಿನಕ್ಕೆ ಇಳಿಯುತ್ತದೆ. ಈ ಎರಡರಲ್ಲಿ ಯಾವುದೇ ಲಕ್ಷಣ ಕಂಡರೂ ಬೈಕನ್ನು ಓಡಿಸುವುದನ್ನು ನಿಲ್ಲಿಸಿ ರಿಪೇರಿಗೆ ಕೊಡತಕ್ಕದ್ದು.

ಇಷ್ಟೂ ನೋಡಿದ ಮೇಲೆಯೇ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಏರ್ ಸ್ಕ್ರೂವನ್ನು ಮೃದುವಾಗಿ ಕೊನೆಯವರೆಗೆ ತಿರುಗಿಸಿ, ತಯಾರಕರ ಪುಸ್ತಕದಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ ಒಂದೂವರೆ ಸುತ್ತಿನ ಆಸುಪಾಸು, ಹಿಂದಕ್ಕೆ ಬಿಚ್ಚಿರಿ. ಅಲ್ಲಿಂದ ಕಾಲು ಸುತ್ತಿನಂತೆ ಅತ್ತಿತ್ತ ಆಡಿಸಿ ಎಂಜಿನ್ ಅತಿ ನಯವಾಗಿ ಓಡುವ ಸ್ಥಾನವನ್ನು ಕಂಡುಕೊಳ್ಳಿರಿ. ಬಳಿಕ ಇನ್ನೊಂದು ಸ್ಕ್ರೂವಿನಿಂದ, ಎಂದರೆ ಥ್ರಾಟಲನ್ನು ತಡೆದು ನಿಲ್ಲಿಸುವ ಸ್ಕ್ರೂವಿನಿಂದ, ವೇಗವನ್ನು ಬೇಕಾದಷ್ಟಕ್ಕೆ ಇಳಿಸಬೇಕು. ನಮ್ಮ ಸಣ್ಣ ಬೈಕುಗಳಿಗೆ ನಿಮಿಷಕ್ಕೆ ಸುಮಾರು ೧೨೦೦ರಿಂದ ೧೫೦೦ ಸುತ್ತು ಸಾಕಾಗುತ್ತದೆ.

ಕರಾವಳಿಗೆ ವಿಶೇಷ ಎಚ್ಚರಿಕೆ

ವರ್ಷಕ್ಕೆ ೪೦೦೦ ಮಿ.ಮೀ.ನ ಆಸುಪಾಸಿನಲ್ಲಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ನೀರೇ ಮೊದಲ ಶತ್ರು. ಇಂದಿನ ಪೆಟ್ರೋಲಿನಿಂದಾಗಿ ಈ ಶತ್ರುವಿನ ಬಲ ಹೆಚ್ಚಿದೆ. ೨೦೨೫ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ ೨೦ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ಮುಟ್ಟಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರಿನ ಪ್ರಮಾಣ ಮಿತಿಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಮೊದಲು ಹರಿಯುವುದು ಆ ತಳದ ದ್ರವವೇ. ಹಳೆಯ ಬೈಕುಗಳ ರಬ್ಬರ್ ಪೈಪು, ಸೀಲುಗಳನ್ನು ಈ ಇಂಧನವನ್ನು ಗಮನದಲ್ಲಿಟ್ಟು ತಯಾರಿಸಿದ್ದಲ್ಲ. ಆದುದರಿಂದ ಮಳೆಗಾಲದಲ್ಲಿ ಬೈಕನ್ನು ನೀರು ಬೀಳದ ಜಾಗದಲ್ಲಿ ನಿಲ್ಲಿಸಬೇಕು. ಮುಚ್ಚಳದ ರಬ್ಬರ್ ಸರಿಯಿದೆಯೇ ನೋಡಬೇಕು. ಪೈಪುಗಳು ಉಬ್ಬಿದ್ದರೆ ಬದಲಾಯಿಸಬೇಕು. ತಿಂಗಳುಗಟ್ಟಲೆ ಓಡಿಸದಿದ್ದರೆ ಕಾಕ್ ಮುಚ್ಚಿ ಕಾರ್ಬೊರೇಟರಿನ ಬಟ್ಟಲನ್ನು ಬರಿದು ಮಾಡಿಡಬೇಕು.

ಆಯಿಲ್ ಬೆರೆಸುವಾಗ ಅಂದಾಜು ಸಲ್ಲದು. ಲೀಟರಿಗೆ ೨೦ ಮಿ.ಲೀ. ಎಂದರೆ ಐವತ್ತಕ್ಕೆ ಒಂದು ಪಾಲು, ೪೦ ಮಿ.ಲೀ. ಎಂದರೆ ಇಪ್ಪತ್ತೈದಕ್ಕೆ ಒಂದು. ನಿಮ್ಮ ಬೈಕಿಗೆ ಯಾವುದೆಂಬುದನ್ನು ಪುಸ್ತಕದಿಂದ ತಿಳಿದು ಅಳತೆಯ ಲೋಟದಲ್ಲೇ ಹಾಕಿರಿ. ಹೆಚ್ಚಾದರೆ ಪ್ಲಗ್ಗೂ ಸೈಲೆನ್ಸರೂ ಕಟ್ಟುತ್ತವೆ. ಕಡಿಮೆಯಾದರೆ ಪಿಸ್ಟನ್ ಸಾಯುತ್ತದೆ. ಹಾಗೆಯೇ ಆಗುಂಬೆ ಘಾಟಿಯಂಥ ದೀರ್ಘ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಗೇರಿನಲ್ಲೇ ಇಳಿಯುವಾಗ ಎಂಜಿನ್ ವೇಗವಾಗಿ ಸುತ್ತುತ್ತಿದ್ದರೂ ಎಣ್ಣೆ ಬಹಳ ಕಡಿಮೆ ಹೋಗುತ್ತದೆ. ಆಗಾಗ ತುಸು ಆಕ್ಸಿಲರೇಟರ್ ಕೊಟ್ಟು ಪಿಸ್ಟನ್ನಿಗೆ ಎಣ್ಣೆ ಮುಟ್ಟಿಸುವುದು ಅಗತ್ಯ. ಓಡುವಾಗ ಎಂಜಿನ್ ಕೀರಲು ದನಿ ಮಾಡಿದರೆ ಅಥವಾ ಹಿಡಿದಂತಾದರೆ ಒಡನೆ ಕ್ಲಚ್ ಹಿಡಿಯಿರಿ. ಮನೆಯಲ್ಲಿ ಬೈಕು ಓಡಿಸುವ ಮಕ್ಕಳಿಗೂ ಇದನ್ನು ತಪ್ಪದೆ ಹೇಳಿಕೊಡಿರಿ.

ರಾತ್ರಿ ಬೈಕನ್ನು ಮನೆಯೊಳಗೆ ಅಥವಾ ಜಗಲಿಯಲ್ಲಿ ನಿಲ್ಲಿಸುವವರು ಪೆಟ್ರೋಲ್ ಕಾಕನ್ನು ಮುಚ್ಚಲು ಮರೆಯಬಾರದು. ಫ್ಲೋಟಿನ ಸೂಜಿ ಸವೆದಿದ್ದರೆ ರಾತ್ರಿಯಿಡೀ ಪೆಟ್ರೋಲ್ ಒಸರಿ ಕ್ರ್ಯಾಂಕ್ ಕೋಣೆಯನ್ನು ತುಂಬುತ್ತದೆ, ನೆಲಕ್ಕೂ ಹರಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು ಸಣ್ಣ ಕಷ್ಟ. ಮುಚ್ಚಿದ ಮನೆಯಲ್ಲಿ ಪೆಟ್ರೋಲಿನ ಆವಿ ತುಂಬುವುದು ದೊಡ್ಡ ಗಂಡಾಂತರ.

ನೆರೆಹೊರೆಯ ಹಿತವೂ ಇದರಲ್ಲಿ ಅಡಗಿದೆ. ವಾಹನದ ಹೊಗೆ ತಪಾಸಣೆಯಲ್ಲಿ ಬೈಕಿನ ಹೊಗೆಯನ್ನು ಅಳೆಯುವುದು ಐಡ್ಲಿಂಗ್ ಸ್ಥಿತಿಯಲ್ಲಿಯೇ. ೨೦೦೦ದ ಮಾರ್ಚ್ ೩೧ರವರೆಗೆ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ ೪.೫ನ್ನು, ಅನಂತರದ ಟೂ-ಸ್ಟ್ರೋಕ್ ವಾಹನಗಳಲ್ಲಿ ಶೇಕಡಾ ೩.೫ನ್ನು ಮೀರಬಾರದೆಂದು ೨೦೦೪ರಲ್ಲಿ ನಿಯಮವಾಯಿತು. ನಾಡಿ ಸರಿಯಿರುವ ಎಂಜಿನ್ ಓಣಿಯ ಮಕ್ಕಳ ಶ್ವಾಸಕೋಶವನ್ನೂ ಕಾಯುತ್ತದೆ.

ಹಳೆಯ ವಸ್ತುವನ್ನು ಕಾಪಾಡಿಕೊಳ್ಳುವುದೆಂದರೆ ಅದನ್ನು ಮೂಲೆಯಲ್ಲಿಟ್ಟು ಧೂಳು ಒರೆಸುವುದಷ್ಟೇ ಅಲ್ಲ. ಅದು ನುಡಿಯುವುದನ್ನು ಕೇಳಿಸಿಕೊಳ್ಳುವುದು. ಕಾರ್ಕಳದ ಆ ಹಿರಿಯರು ಬೈಕನ್ನು ನನ್ನ ಕೈಗೊಪ್ಪಿಸುವಾಗ ಸ್ಟಾರ್ಟ್ ಮಾಡಿ, ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿದರು. ಎಂಜಿನ್ ಒಂದೇ ಲಯದಲ್ಲಿ ಮಿಡಿಯುತ್ತಿತ್ತು. ಆ ಬೈಕನ್ನು ಈಗ ನನ್ನ ಮಗ ಓಡಿಸುತ್ತಾನೆ. ಸದ್ದಿನಲ್ಲಿ ತುಸು ವ್ಯತ್ಯಾಸವಾದರೂ ಅವನು ಸ್ಕ್ರೂಡ್ರೈವರ್ ಹುಡುಕುವುದಿಲ್ಲ. ಬೈಕನ್ನು ಅಂಗಳಕ್ಕೆ ತಂದು, ಪೆಟ್ರೋಲ್ ಕಾಕಿನಿಂದ ಪರೀಕ್ಷೆಯನ್ನು ಆರಂಭಿಸುತ್ತಾನೆ.